ಮನೆಯೊಳಗೆ ಬಂದ ಹಳೆಯ ಚಿತ್ರಗಳು

ಪುಣೆಯಲ್ಲಿ ಉಳಿದವರ ವಾರ ಭಾನುವಾರಕ್ಕೆ ಮುಗಿದರೆ ಮಾರ್ಕೆಟ್ ಯಾರ್ಡಿನ ವಾರ ಶನಿವಾರಕ್ಕೆ ಮುಗಿಯುತ್ತದೆ. ತರಕಾರಿ ಮತ್ತು ಹಣ್ಣುಗಳ ವಿಭಾಗಕ್ಕೆ ಅಂದು ರಜೆ. ಲಾರಿಗಳ ಸಾಲಿಲ್ಲ, ಹಮಾಲರ ಕೂಗಿಲ್ಲ, ತಕ್ಕಡಿಯ ಸದ್ದಿಲ್ಲ. ಮರುದಿನ ಭಾನುವಾರವಾದರೋ ಇಡೀ ವಾರದಲ್ಲಿಯೇ ಹೆಚ್ಚಿನ ಮಾಲು ಬಂದು ಬೀಳುವ ದಿನವಾದುದರಿಂದ ನಡುರಾತ್ರಿಯಿಂದಲೇ ದಲಾಲಿ ಅಂಗಡಿಗಳ ಮುಂದೆ ಗದ್ದಲವೆದ್ದು, ಸುತ್ತಲಿನ ಹೊಟೇಲುಗಳಲ್ಲಿ ಚಹದ ಪಾತ್ರೆ ಒಲೆಯಿಂದ ಇಳಿಯುವುದೇ ಇಲ್ಲ. ಹೀಗಾಗಿ ಇಲ್ಲಿ ದುಡಿಯುವ ನಮ್ಮ ಕನ್ನಡಿಗ ಬಂಧುಗಳು, ಸಪ್ಲಾಯರರಾಗಲಿ, ಅಡುಗೆಯ ಭಟ್ಟರಾಗಲಿ, ದಲಾಲಿ ಅಂಗಡಿಯ ಗುಮಾಸ್ತರಾಗಲಿ, ಕಾಲು ಚಾಚಿ ಕುಳಿತುಕೊಳ್ಳುವುದೇನಿದ್ದರೂ ಶನಿವಾರದ ಅಪರಾಹ್ನದಲ್ಲಿ ಮಾತ್ರ.

ಆ ಅಪರಾಹ್ನದಲ್ಲಿ ಅವರು ಮಾಡುವುದೇನು? ಬಟ್ಟೆ ಒಗೆದುಕೊಳ್ಳುತ್ತಾರೆ, ಊರಿಗೆ ಫೋನು ಮಾಡುತ್ತಾರೆ, ಉಳಿದ ಹೊತ್ತಿನಲ್ಲಿ ಟಿ.ವಿ.ಯ ಮುಂದೆ ಕುಳಿತು ಹಳೆಯ ಕನ್ನಡ ಚಿತ್ರಗಳನ್ನು ನೋಡುತ್ತಾರೆ. ಈ ಕೊನೆಯ ಸಂಗತಿಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಾವು ಬಹಳ ದಿನಗಳಿಂದ ಯೋಚಿಸಿದ್ದೆವು. ಹಳೆಯ ಚಿತ್ರವನ್ನು ಮನೆಯಲ್ಲಿ ಕುಳಿತು ನೋಡುವುದೆಂದರೆ ಸೋಮಾರಿಗಳ ಕಾಲಹರಣವೆಂದು ತಿಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಅವರಲ್ಲಿ ಹೆಚ್ಚಿನವರು ನಮ್ಮಂತೆ ಗಲ್ಲಾದ ಮೇಲೆ ಕುಳಿತವರೇ ಆಗಿರುತ್ತಾರೆ.

'ಮನೆ' ಎಂದೆವಷ್ಟೆ. ಈ ಪುಟಗಳನ್ನು ಓದುವವರಿಗೆ ಆ ಶಬ್ದಕ್ಕೆ ಒಂದೇ ಅರ್ಥವಿಲ್ಲ. ಕೆಲವರಿಗೆ ಅದು ಬಿಬ್ವೇವಾಡಿಯಲ್ಲಿ ಹೆಂಡತಿ ಮಕ್ಕಳೊಡನೆ ಇರುವ ಒಂದೂವರೆ ಕೋಣೆ. ಹಲವರಿಗೆ ಹೊಟೇಲಿನ ಮೇಲಣ ಮಾಳಿಗೆ, ಅಲ್ಲಿ ಆರು ಹಾಸಿಗೆ, ಹನ್ನೆರಡು ಟ್ರಂಕು. ಇನ್ನು ಕೆಲವರಿಗೆ ಗಿರಾಕಿಗಳು ಎದ್ದುಹೋಗಿ ಷಟರು ಇಳಿದ ಮೇಲೆ ಮೇಜುಗಳನ್ನು ಪಕ್ಕಕ್ಕೆ ಸರಿಸಿದ ಅದೇ ಹಜಾರ. ಈ ಮೂರನ್ನೂ ನಾವು ಮನೆಯೆಂದೇ ಎಣಿಸಿದ್ದೇವೆ.

ನಮ್ಮ ದೇಶದಲ್ಲಿ ದೂರದರ್ಶನ ಮೊದಲಾದದ್ದು ದಿಲ್ಲಿಯಲ್ಲಿ, 1959ರ ಸೆಪ್ಟೆಂಬರ್ 15ರಂದು. ಮುಂಬಯಿಗೆ ಅದು ಬಂದದ್ದು 1972ರ ಅಕ್ಟೋಬರ್ 2ರಂದು. ಬಳಿಕ ಸಿಂಹಗಡದ ನೆತ್ತಿಯ ಮೇಲೆ ಗೋಪುರವೆದ್ದು ಪುಣೆಯವರಿಗೂ ಆ ಭಾಗ್ಯ ದೊರೆಯಿತು. ಶನಿವಾರ ಸಂಜೆ ಮರಾಠಿ ಚಿತ್ರ, ಭಾನುವಾರ ಸಂಜೆ ಹಿಂದಿ ಚಿತ್ರ. ಕನ್ನಡಿಗನು ಪಕ್ಕದ ಮನೆಯ ಹೊಸ್ತಿಲಲ್ಲಿ ಕುಳಿತು ಇವೆರಡನ್ನೂ ನೋಡಿ ತೃಪ್ತನಾಗಬೇಕಾಗಿತ್ತು. ನಾವು ಇದನ್ನು ದೂರೆಂದು ಹೇಳುತ್ತಿಲ್ಲ. ಪ್ರಭಾತ ಕಂಪೆನಿಯ 'ಸಂತ ತುಕಾರಾಮ'ವನ್ನು ಹಾಗೆ ನೋಡಿದ ನಮ್ಮ ಹಿರಿಯರು ಮರಾಠಿಯನ್ನೂ ಕಲಿತರು, ಅಭಂಗಗಳನ್ನೂ ಕಲಿತರು.

1982ರಲ್ಲಿ ಬಣ್ಣ ಬಂದಿತು, ರಾಷ್ಟ್ರೀಯ ಪ್ರಸಾರವೂ ಬಂದಿತು. ಅದೇ ದಶಕದಲ್ಲಿ ದೂರದರ್ಶನದವರು ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರಗಳನ್ನು, ಬಹುಮಟ್ಟಿಗೆ ಪ್ರಶಸ್ತಿ ಪಡೆದಂಥವನ್ನು, ಅಡಿಬರಹದೊಡನೆ ದೇಶಕ್ಕೆಲ್ಲ ತೋರಿಸತೊಡಗಿದರು. ತಮಿಳಿನದೊಂದು ವಾರ, ಬಂಗಾಳಿಯದೊಂದು ವಾರ, ಸರದಿ ಬಂದಾಗ ಕನ್ನಡದ್ದು. ನಾವು ಆಗ ಊರಿನಲ್ಲಿ ಚಡ್ಡಿ ತೊಟ್ಟ ಹುಡುಗರು. ಊರಿಗೊಂದೇ ಟಿ.ವಿ. ಇದ್ದ ಶಾನುಭಾಗರ ಜಗಲಿಯಲ್ಲಿ ಕುಳಿತು ಕನ್ನಡದ ಸರದಿ ಯಾವಾಗಲೆಂದು ಕಾದವರು. ಆದರೆ ಮಾರ್ಕೆಟ್ ಯಾರ್ಡಿನ ಹಿರಿಯರು ಹೇಳುವ ಕಥೆ ಬೇರೆ. ದೇಶದಲ್ಲೆಲ್ಲ ಜನರು ಊಟ ಮುಗಿಸಿ ಚಿತ್ರ ನೋಡಲು ಕುಳಿತ ಆ ಭಾನುವಾರದ ಮಧ್ಯಾಹ್ನವೇ ಇಲ್ಲಿ ಊಟದ ಪಂಕ್ತಿ ಮುಗಿಯದ ಹೊತ್ತು. ಮಾಲು ಮಾರಿ ಹಣ ಎಣಿಸಿಕೊಂಡ ರೈತನು ಹಸಿದು ಬಂದು ಕುಳಿತಿರುತ್ತಾನೆ. ಅವನ ಮುಂದೆ ತಾಟು ಇಡಬೇಕಾದ ಹುಡುಗನು ಎದುರುಮನೆಯ ಕಿಟಕಿಯಿಂದ ಕೇಳಿಬರುವ ಕನ್ನಡದ ಮಾತಿಗೆ ಕಿವಿಗೊಟ್ಟು ನಿಂತರೆ ಒಳಗಿನಿಂದ ಬೈಗಳು. ಕನ್ನಡ ಚಿತ್ರವು ಪುಣೆಯ ತನಕ ಬಂದಿತು, ನಮ್ಮವರ ಗಡಿಯಾರದ ತನಕ ಬರಲಿಲ್ಲ.

ಆ ಕೊರತೆಯನ್ನು ಕೆಲಮಟ್ಟಿಗೆ ತುಂಬಿದ್ದು ಬಾಡಿಗೆಯ ವಿ.ಸಿ.ಆರ್. ಹತ್ತು ಹದಿನೈದು ಜನ ಚಂದಾ ಕೂಡಿಸಿ ಒಂದು ರಾತ್ರಿಗೆ ಯಂತ್ರವನ್ನೂ ಮೂರು ಕ್ಯಾಸೆಟ್ಟುಗಳನ್ನೂ ತರುವುದು, ಕೊಟ್ಟ ದುಡ್ಡು ವ್ಯರ್ಥವಾಗಬಾರದೆಂದು ಮೂರನ್ನೂ ನೋಡಿ ಮುಗಿಸುವುದು, ನಾಲ್ಕು ಗಂಟೆಗೆ ಹಾಗೆಯೇ ಎದ್ದು ಇಡ್ಲಿಯ ಪಾತ್ರೆ ಏರಿಸುವುದು. 'ಬಂಗಾರದ ಮನುಷ್ಯ'ದ ರಾಜೀವಪ್ಪನು ಎರಡನೆಯ ಚಿತ್ರದ ಗಯ್ಯಾಳಿ ಅತ್ತೆಯೊಡನೆ ಬೆರೆತುಹೋಗಿ, ಯಾವ ಕಥೆ ಯಾವುದರದೆಂದು ಮರುದಿನ ಜಗಳವಾಡಿದವರು ಈಗಲೂ ನಮ್ಮ ನಡುವೆ ಇದ್ದಾರೆ.

ಮುಂದೆ ಇಂದಿನ 'ಚಂದನ'ದ ಮೂಲವಾದ ಕನ್ನಡ ವಾಹಿನಿಯೂ 1994ರ ಜೂನ್ 1ರಂದು 'ಉದಯ'ವೂ ಮೊದಲಾದವು. ಆಗಲೂ ಪರಊರಿನಲ್ಲಿರುವವನಿಗೆ ಕನ್ನಡ ಸುಲಭವಾಗಿ ದೊರೆಯಲಿಲ್ಲ. ಕೇಬಲಿನವನು ಮರಾಠಿ, ಹಿಂದಿ, ಕ್ರಿಕೆಟ್ ಕೊಟ್ಟಾನು. ಕನ್ನಡ ಬೇಕೆಂದರೆ, "ನಿಮ್ಮ ಗಲ್ಲಿಯಲ್ಲಿ ಎಷ್ಟು ಮನೆ?" ಎಂದು ಕೇಳುತ್ತಿದ್ದನು. 2019ರಲ್ಲಿ ಹೊಸ ದರನಿಯಮ ಬಂದು ಬೇಕಾದ ವಾಹಿನಿಯನ್ನು ಬಿಡಿಬಿಡಿಯಾಗಿ ಆರಿಸುವ ಹಕ್ಕು ಗ್ರಾಹಕನಿಗೆ ದೊರೆತ ಮೇಲೆ ಆ ಪ್ರಶ್ನೆ ಬಹಳಮಟ್ಟಿಗೆ ನಿಂತಿದೆ. ಆದರೂ ಕೇಳಿದವನಿಗೆ ಮಾತ್ರ ಸಿಗುತ್ತದೆಂಬುದನ್ನು ಗುಮಾಸ್ತ ಮಿತ್ರರು ನೆನಪಿಡಬೇಕು. ತಿಂಗಳ ಚಂದಾ ಇಲ್ಲದ ದೂರದರ್ಶನದ ಉಚಿತ ತಟ್ಟೆಯನ್ನು ಮಾಳಿಗೆಯ ಮೇಲೆ ಹಾಕಿಸಿಕೊಂಡವರಿಗೆ ಚಂದನ ಹಾಗೆಯೇ ದೊರೆಯುತ್ತದೆ.

ಇನ್ನು ನಾವು ಬರೆಯಬೇಕೆಂದಿದ್ದ ಮುಖ್ಯ ಸಂಗತಿಗೆ ಬರುತ್ತೇವೆ.

ನಮ್ಮ ಹೊಟೇಲಿನಲ್ಲಿ ಅಡುಗೆಗಿದ್ದ ಭಟ್ಟರೊಬ್ಬರು ಕುಂದಾಪುರದ ಕಡೆಯವರು, ಹನ್ನೊಂದನೆಯ ವಯಸ್ಸಿಗೆ ಊರು ಬಿಟ್ಟವರು. ಒಂದು ಶನಿವಾರ ಷಟರು ಇಳಿಸಿ ಹಜಾರದಲ್ಲಿ ಟಿ.ವಿ. ಹಚ್ಚಿದಾಗ 'ಸತ್ಯ ಹರಿಶ್ಚಂದ್ರ' ಬರುತ್ತಿತ್ತು. ಹುಣಸೂರು ಕೃಷ್ಣಮೂರ್ತಿಯವರು 1965ರಲ್ಲಿ ತೆಗೆದ ಚಿತ್ರ. ಹರಿಶ್ಚಂದ್ರನಾಗಿ ರಾಜಕುಮಾರ್, ಚಂದ್ರಮತಿಯಾಗಿ ಪಂಢರಿಬಾಯಿ, ವಿಶ್ವಾಮಿತ್ರನಾಗಿ ಉದಯಕುಮಾರ್. ಭಟ್ಟರು ಬೇಳೆ ಆರಿಸುವ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಕಣ್ಣು ಬೇಳೆಯ ಮೇಲೆ, ಒಂದು ಕಣ್ಣು ಟಿ.ವಿ.ಯ ಮೇಲೆ ಇಟ್ಟು ಕುಳಿತಿದ್ದರು. ರಾಜ್ಯ ಹೋಯಿತು, ಹೆಂಡತಿ ಮಕ್ಕಳು ಮಾರಾಟವಾದರು, ಅರಸನು ವೀರಬಾಹುವಿನ ಆಳಾದನು. ಅಲ್ಲಿಗೆ ಭಟ್ಟರ ಕೈ ಬೇಳೆಯ ಮೇಲೆ ನಿಂತುಹೋಯಿತು.

"ಇದರ ಮುಂದಿನದ್ದು ನಾನು ನೋಡಿದ್ದೇ ಇಲ್ಲ, ಮಾರಾಯ್ರೆ" ಎಂದರು. "ಸಣ್ಣದಿರುವಾಗ ಅಮ್ಮ ಟೆಂಟಿಗೆ ಕರಕೊಂಡು ಹೋಗಿದ್ದರು. ಅಷ್ಟರಲ್ಲಿ ನಿದ್ದೆ ಬಂದುಬಿಟ್ಟಿತ್ತು. ಕಥೆ ಗೊತ್ತಿಲ್ಲವೆಂದಲ್ಲ, ಆಟದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆದರೆ ರಾಜಕುಮಾರ್ ಎಂದರೆ ನನಗೆ ಸಿಂಹಾಸನದ ಮೇಲೆ ಕೂತವರು ಮಾತ್ರ."

ಉಳಿದದ್ದನ್ನು ಅವರು ಅಂದು ನೋಡಿದರು. ಹಾವು ಕಚ್ಚಿ ಸತ್ತ ಮಗನನ್ನು ಎತ್ತಿಕೊಂಡು ಬಂದ ಹೆಂಡತಿಯನ್ನು ಗುರುತಿಸಿದ ಮೇಲೆಯೂ ಒಡೆಯನಿಗೆ ಸಲ್ಲಬೇಕಾದ ಸುಂಕವನ್ನು ಬಿಡಲಾಗದೆ ನಿಂತ ಆಳನ್ನು ನೋಡಿದರು. ಚಿತ್ರ ಮುಗಿದಾಗ ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಭಟ್ಟರೇ ಮಾತೆತ್ತಿದರು. ಅವರ ತಾಯಿ ತೀರಿಕೊಂಡಾಗ ಅವರು ಬೇರೊಂದು ಊರಿನ ಹೊಟೇಲಿನಲ್ಲಿದ್ದರಂತೆ. ಮಾವಿನ ಹಂಗಾಮು, ಜನ ಕಡಿಮೆ, ಬದಲಿ ಭಟ್ಟರು ಸಿಗುವ ತನಕ ಹೋಗುವಂತಿಲ್ಲವೆಂದು ಅಲ್ಲಿಯ ಮಾಲಕರು ಹೇಳಿದರಂತೆ. ಇವರು ಊರು ಮುಟ್ಟಿದ್ದು ಹನ್ನೊಂದನೆಯ ದಿನಕ್ಕೆ. ನಮ್ಮಲ್ಲಿ ಕೆಲಸಕ್ಕೆ ಬಂದು ಒಂಬತ್ತು ವರ್ಷಗಳಾಗಿದ್ದರೂ ಈ ಸಂಗತಿಯನ್ನು ಅವರು ಯಾರೊಡನೆಯೂ ಆಡಿರಲಿಲ್ಲ. ಆಡಿದ ಮೇಲೆ ಮೊರವನ್ನೆತ್ತಿಕೊಂಡು ಬೇಳೆ ನೆನೆಹಾಕಲು ಒಳಗೆ ಹೋದರು. ಅಲ್ಲಿದ್ದ ಹುಡುಗರಲ್ಲಿ ಇಬ್ಬರು ಎದ್ದು ಊರಿಗೆ ಫೋನು ಹಚ್ಚಿದುದನ್ನು ನಾವು ಗಮನಿಸಿದೆವು.

ಈಗ ಯೋಚಿಸಬೇಕು. ಇದೇ ಚಿತ್ರವನ್ನು ಅದೇ ಭಟ್ಟರು ಒಬ್ಬರೇ ಮಾಳಿಗೆಯ ಮೇಲೆ ಮಲಗಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮೊಬೈಲಿನಲ್ಲಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು ನೋಡಿದ್ದರೆ ಆ ಮಾತು ಹೊರಬರುತ್ತಿತ್ತೇ? ನಾವು ಮೊಬೈಲಿನ ವಿರೋಧಿಗಳಲ್ಲ. ಎಷ್ಟೋ ಹಳೆಯ ಕನ್ನಡ ಚಿತ್ರಗಳು ಈಗ ಅದರಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಪಾಳಿಯ ಕೆಲಸದವರಿಗೆ ಅದೊಂದು ದೊಡ್ಡ ಅನುಕೂಲ. ಆದರೆ ಹಳೆಯ ಚಿತ್ರಗಳನ್ನು ಮಾಡಿದವರು ನೂರಾರು ಜನ ಒಟ್ಟಿಗೆ ಕುಳಿತು ನೋಡಲಿಕ್ಕೆಂದು ಮಾಡಿದರು. ನರಸಿಂಹರಾಜುವಿನ ಮಾತಿನ ಬಳಿಕ ಒಂದು ಕ್ಷಣ ಸುಮ್ಮನೆ ಬಿಟ್ಟಿರುವುದು ಜನ ನಗಲೆಂದು. ಒಬ್ಬನೇ ನೋಡುವಾಗ ಅಷ್ಟು ಹೊತ್ತು ಖಾಲಿಯೇ ಉಳಿಯುತ್ತದೆ. ಒಂದು ಹಜಾರದಲ್ಲಿ ಎಂಟು ಜನ ಕುಳಿತರೆ ಸಾಕು, ಅದು ತುಂಬುತ್ತದೆ.

ಆದುದರಿಂದ ನಮ್ಮ ಹೊಟೇಲು ಮಾಲಕ ಬಂಧುಗಳಲ್ಲಿ ಒಂದು ವಿನಂತಿ. ಹೊಟೇಲಿನ ಟಿ.ವಿ.ಯು ಗಿರಾಕಿಗಳಿಗೆಂದು ಹಾಕಿದ್ದು, ನಿಜ. ರಿಮೋಟು ಗಲ್ಲಾದ ಡ್ರಾಯರಿನಲ್ಲಿರುವುದೂ ರೂಢಿ. ಆದರೆ ಶನಿವಾರ ಸಂಜೆ ಆ ಡ್ರಾಯರನ್ನು ತೆರೆದಿಟ್ಟು ಹೋದರೆ ಯಾರಿಗೂ ನಷ್ಟವಿಲ್ಲ. ತನ್ನ ವ್ಯಾಪ್ತಿಗೆ ಬರುವಲ್ಲಿ ವಾರಕ್ಕೊಮ್ಮೆ ಇಪ್ಪತ್ತನಾಲ್ಕು ಗಂಟೆಗಳ ಎಡೆಬಿಡದ ರಜೆ ಕೊಡಬೇಕೆಂದು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯೇ ಹೇಳುತ್ತದೆ. ಕಾಯಿದೆಯ ರಜೆಯ ದಿನ ಪಾತ್ರೆ ತಿಕ್ಕಿಸುವುದು, ಗೋಡೆ ಒರೆಸುವುದು ಎಲ್ಲೆಲ್ಲಿ ನಡೆಯುತ್ತದೆಂಬುದು ಮಾರ್ಕೆಟ್ ಯಾರ್ಡಿನಲ್ಲಿ ಯಾರಿಗೂ ತಿಳಿಯದ ಗುಟ್ಟಲ್ಲ. ಮೂರು ತಾಸಿನ ಚಿತ್ರವನ್ನು ನಡುವೆ ಎಬ್ಬಿಸದೆ ನೋಡಬಿಟ್ಟರೆ ರಜೆ ನಿಜವಾಗಿ ಕೊಟ್ಟಂತಾಯಿತು.

ಸಂಸಾರವಂದಿಗರ ವಿಷಯದಲ್ಲಿ ಇನ್ನೊಂದು ಲಾಭವುಂಟು. ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಸ್ನೇಹಿತರೊಬ್ಬರ ಮಗಳು ಮರಾಠಿ ಶಾಲೆಯಲ್ಲಿ ಐದನೆಯ ಇಯತ್ತೆ. ಮನೆಯಲ್ಲಿ ಕನ್ನಡ ಆಡುತ್ತಾಳೆ, ಓದಲು ಬಾರದು. ಹೊಸ ಚಿತ್ರಗಳಲ್ಲಿ ಹೆಸರುಗಳು ಮಿಂಚಿನಂತೆ ಬಂದು ಹೋಗುತ್ತವೆ, ಅವೂ ಹಲವೆಡೆ ಇಂಗ್ಲಿಷಿನಲ್ಲಿ. ಹಳೆಯ ಚಿತ್ರಗಳಲ್ಲಿ ಹಾಗಲ್ಲ. ಕುಂಚದಿಂದ ಬರೆದ ದಪ್ಪ ದುಂಡಕ್ಷರಗಳು, ಒಂದೊಂದು ಫಲಕವೂ ನಿಧಾನವಾಗಿ ನಿಂತು ಹೋಗುವಂಥದು. ತಂದೆ ತೋರಿಸಿಕೊಟ್ಟಂತೆ ಹುಡುಗಿ ಮೊದಲು 'ರಾ' ಹಿಡಿದಳು, ಬಳಿಕ 'ಜ', ಬಳಿಕ 'ಕು'. ಮೂರು ತಿಂಗಳಲ್ಲಿ 'ಸಾಹಿತ್ಯ', 'ಛಾಯಾಗ್ರಹಣ', 'ನಿರ್ದೇಶನ' ಎಂಬ ಬಿರುಸು ಮಾತುಗಳನ್ನು ತಡವರಿಸದೆ ಓದಿದಳು. ಒತ್ತಕ್ಷರಕ್ಕೆ 'ಪುಟ್ಟಣ್ಣ ಕಣಗಾಲ್' ಎಂಬ ಹೆಸರಿಗಿಂತ ಒಳ್ಳೆಯ ಪಾಠ ಬೇರೆ ಬೇಕೇ? ಒಂದು ತೊಡಕೂ ಆಗಿದೆಯೆನ್ನಿ. ಪೌರಾಣಿಕ ಚಿತ್ರಗಳನ್ನು ಹೆಚ್ಚಾಗಿ ನೋಡಿದ ಅವಳ ತಮ್ಮನು ಈಗ ತಿಂಡಿ ಬೇಕಾದಾಗಲೆಲ್ಲ "ತಂದೆಯೇ" ಎಂದು ಕೈ ಮುಗಿದು ನಿಲ್ಲುತ್ತಾನೆ!

ಆ ಕನ್ನಡ ಎಲ್ಲಿಂದ ಬಂದಿತೆಂದರೆ ನಾಟಕದ ಕಂಪೆನಿಗಳಿಂದ. ರಾಜಕುಮಾರರು ನಾಯಕರಾಗಿ ಮೊದಲು ಕಾಣಿಸಿಕೊಂಡ 1954ರ 'ಬೇಡರ ಕಣ್ಣಪ್ಪ' ಗುಬ್ಬಿ ಕಂಪೆನಿಯ ನೆರಳಿನಲ್ಲಿ ಬೆಳೆದದ್ದು. ನಾಟಕದ ಕೊನೆಯ ಸಾಲಿನವನಿಗೂ ಕೇಳಬೇಕೆಂದು ಅಕ್ಷರಕ್ಷರವನ್ನೂ ಬಿಡಿಸಿ ಆಡಿದವರ ಮಾತು ಅದು. ಪುಣೆಯಲ್ಲಿ ಬೆಳೆಯುವ ಮಕ್ಕಳಿಗೆ ಅದಕ್ಕಿಂತ ಸ್ಪಷ್ಟವಾದ ಕನ್ನಡ ಬೇರೆಡೆ ಕಿವಿಗೆ ಬೀಳುವುದು ಕಷ್ಟ.

ನಮ್ಮ ಭಾಷೆಯ ಮೊದಲ ವಾಕ್ಚಿತ್ರವೇ ಈ ಸೀಮೆಗೆ ಸೇರಿದ್ದೆಂದರೆ ಕೆಲವರಿಗೆ ಆಶ್ಚರ್ಯವಾದೀತು. 1934ರ 'ಸತಿ ಸುಲೋಚನ' ಚಿತ್ರೀಕರಣಗೊಂಡದ್ದು ಕೊಲ್ಹಾಪುರದ ಛತ್ರಪತಿ ಸಿನೆಟೋನಿನಲ್ಲಿ. ಅದು ಯಾವ ವಾಹಿನಿಯಲ್ಲಿಯೂ ಎಂದೂ ಬರುವಂತಿಲ್ಲ. ಅದರ ಪ್ರತಿಯೇ ಉಳಿದಿಲ್ಲ. ಹಿಂದಿಯ ಮೊದಲ ವಾಕ್ಚಿತ್ರವಾದ 1931ರ 'ಆಲಂ ಆರಾ'ಕ್ಕೂ ಅದೇ ಗತಿಯಾಗಿದೆ. ಆ ಕಾಲದಲ್ಲಿ ಓಡಿ ಮುಗಿದ ಚಿತ್ರದ ಸುರುಳಿಯಿಂದ ಬೆಳ್ಳಿಯನ್ನು ತೆಗೆದುಕೊಂಡು ಉಳಿದದ್ದನ್ನು ಬಳೆ ಮಾಡಲು ಮಾರುತ್ತಿದ್ದುದೂ ಉಂಟು. ಉಳಿದುಕೊಂಡವುಗಳಿಗೂ ಆಯುಷ್ಯದ ಭರವಸೆ ಇರಲಿಲ್ಲ. 1950ರ ಸುಮಾರಿನವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಸುರುಳಿ ಬೆಂಕಿಗೆ ಬೇಗ ತುತ್ತಾಗುವಂಥದು. ಬಳಿಕ ಬಂದ ಅಸಿಟೇಟ್ ಸುರುಳಿಗೆ ಬೆಂಕಿಯ ಭಯ ಕಡಿಮೆಯಾದರೂ ಸೆಕೆಯಲ್ಲಿಯೂ ತೇವದಲ್ಲಿಯೂ ಇಟ್ಟರೆ ಅದು ಹುಳಿಯತೊಡಗುತ್ತದೆ. ಡಬ್ಬಿ ತೆರೆದರೆ ವಿನಿಗರಿನ ವಾಸನೆ. ಚೈನೀಸ್ ಕೌಂಟರಿನಲ್ಲಿ ಕೆಲಸ ಮಾಡಿದ ಹುಡುಗರಿಗೆ ಆ ವಾಸನೆಯನ್ನು ಬಣ್ಣಿಸಬೇಕಾಗಿಲ್ಲ.

ಹಾಗಾದರೆ ಉಳಿದವು ಹೇಗೆ ಉಳಿದವು? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಸ್ವಾರಗೇಟಿನಿಂದ ಆಚೆಗೆ ಲಾ ಕಾಲೇಜು ರಸ್ತೆಯ ತನಕ ಹೋದರೆ ಸಾಕು. ಭಾರತದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು 1964ರ ಫೆಬ್ರವರಿಯಲ್ಲಿ ಸ್ಥಾಪಿತವಾದದ್ದು ನಮ್ಮ ಈ ಪುಣೆಯಲ್ಲಿ. ಅದನ್ನು ಕಟ್ಟಿ ಬೆಳೆಸಿದವರು ಪಿ. ಕೆ. ನಾಯರ್. ಊರೂರು ಅಲೆದು, ಮನೆಯ ಅಟ್ಟ, ಟಾಕೀಸಿನ ಗೋದಾಮು ಎಂದು ನೋಡದೆ ತುಕ್ಕುಹಿಡಿದ ಡಬ್ಬಿಗಳನ್ನು ಹೊತ್ತುತಂದು ಸಾವಿರಾರು ಚಿತ್ರಗಳನ್ನು ಉಳಿಸಿದ ಈ ಮಹನೀಯರು 2016ರಲ್ಲಿ ತೀರಿಕೊಂಡರು. ಅವರು ಚಿತ್ರಗಳನ್ನು ಬರಿಯ ಕಪಾಟಿನಲ್ಲಿ ಇಡಲಿಲ್ಲ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿದ ಬಳಿಕ ಪುಣೆಯಿಂದ ಆ ಹಳ್ಳಿಗೆ ಚಿತ್ರದ ಪೆಟ್ಟಿಗೆಗಳು ಹೋದವು. ಅಡಕೆ ಸುಲಿಯುವ ಕೈಗಳು ಸತ್ಯಜಿತ್ ರಾಯ್, ಕುರೊಸಾವಾ ಇವರ ಚಿತ್ರಗಳನ್ನು ನೋಡಿ ಚಪ್ಪಾಳೆ ತಟ್ಟಿದವು. ಆ ಸಂಗ್ರಹಾಲಯದ ಊರಿನಲ್ಲಿಯೇ ಇರುವ ನಾವು, ನಮಗೆ ಅಂಥವು ತಿಳಿಯಲಾರವೆಂದು ಮುಂಚಿತವಾಗಿಯೇ ಹೇಳಿಬಿಡುವುದು ಸರಿಯೇ?

ಅಲ್ಲಿಯೂ ಎಲ್ಲವೂ ಕ್ಷೇಮವಾಗಿ ಉಳಿಯಲಿಲ್ಲ. 2003ರ ಜನವರಿ 8ರಂದು ಎದ್ದ ಬೆಂಕಿಯಲ್ಲಿ ಸಂಗ್ರಹಾಲಯದ ನೈಟ್ರೇಟ್ ಸುರುಳಿಗಳ ದೊಡ್ಡ ಭಾಗ ಸುಟ್ಟುಹೋಯಿತು. 2022ರಲ್ಲಿ ಸಂಸ್ಥೆಯನ್ನು ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿಸಲಾಗಿದೆ. ಆದರೆ ಅಲ್ಲಿ ಕಾಪಾಡಿದ್ದರ ಫಲವನ್ನು ನಾವು ಇತ್ತೀಚೆಗೆ ಕಂಡೆವು. ಗಿರೀಶ ಕಾಸರವಳ್ಳಿಯವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಹೋಗಿ 1977ರಲ್ಲಿ ಮಾಡಿದ 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಇಲ್ಲಿತ್ತು. ಅದರಿಂದ ಹೊಸದಾಗಿ ಶುದ್ಧಗೊಳಿಸಿದ ಪ್ರತಿಯನ್ನು 2024ರಲ್ಲಿ ಇಟಲಿಯ ವೆನಿಸ್ ಉತ್ಸವದಲ್ಲಿ ತೋರಿಸಿದರು. ಅನಂತಮೂರ್ತಿಯವರ ಕಥೆ. ಮನೆ ಬಿಟ್ಟು ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ, ದೊಡ್ಡ ಹುಡುಗರ ಕಾಟ, ಅವನಿಗೆ ಆಸರೆಯಾದ ಯಮುನಕ್ಕನಿಗೆ ಒದಗಿದ ಗತಿ. ಸಣ್ಣ ವಯಸ್ಸಿನಲ್ಲಿ ಊರು ಬಿಟ್ಟು ಹೊಟೇಲಿನ ಹಿಂಬಾಗಿಲಿನಿಂದ ಒಳಬಂದು, ಮೊದಲ ರಾತ್ರಿ ಯಾರಿಗೂ ಕೇಳದಂತೆ ಅತ್ತವರಿಗೆ ನಾಣಿಯ ಪರಿಚಯ ಮಾಡಿಕೊಡಬೇಕೇ? 'ಪ್ರಶಸ್ತಿ ಚಿತ್ರ'ವೆಂಬ ಹೆಸರು ಕೇಳಿಯೇ ನಮ್ಮವರು ವಾಹಿನಿ ಬದಲಾಯಿಸುತ್ತಾರೆ. ಅದು ತಪ್ಪು ಎಣಿಕೆ ಎಂಬುದು ನಮ್ಮ ಮತ.

ಗುಮಾಸ್ತ ಮಿತ್ರರಿಗೆ ಅದೇ ಕಾಸರವಳ್ಳಿಯವರ 1986ರ 'ತಬರನ ಕಥೆ'ಯನ್ನು ನಾವು ವಿಶೇಷವಾಗಿ ಸೂಚಿಸುತ್ತೇವೆ. ಪೂರ್ಣಚಂದ್ರ ತೇಜಸ್ವಿಯವರ ಕಥೆ. ಜೀವಮಾನವೆಲ್ಲ ಸರಕಾರದ ಸಣ್ಣ ಚಾಕರಿ ಮಾಡಿ ನಿವೃತ್ತನಾದ ತಬರನು ತನ್ನ ಪೆನ್ಶನ್ನಿಗಾಗಿ ಕಚೇರಿಯಿಂದ ಕಚೇರಿಗೆ ತಿರುಗುತ್ತಾನೆ, ಮನೆಯಲ್ಲಿ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತದೆ. ಚಾರುಹಾಸನ್ ಅವರಿಗೆ ಶ್ರೇಷ್ಠ ನಟನ ರಾಷ್ಟ್ರಪ್ರಶಸ್ತಿ ತಂದ ಪಾತ್ರವಿದು. ಕಡತದ ಆಚೆ ನಿಂತವನನ್ನು ನಾಳೆ ಬಾ ಎನ್ನುವ ಅಭ್ಯಾಸ ನಮ್ಮಲ್ಲಿ ಯಾರಿಗಾದರೂ ಇದ್ದರೆ, ಅವರು ಇದನ್ನು ಮನೆಯವರ ಜೊತೆ ಕುಳಿತೇ ನೋಡಲಿ.

ಹೊಟೇಲಿನವರಿಗೆ ಒಂದು ಪರದೇಶದ ಚಿತ್ರ. ಇಟಲಿಯ 'ಬೈಸಿಕಲ್ ಥೀವ್ಸ್', 1948ರದ್ದು. ಕೆಲಸಕ್ಕೆ ಆಧಾರವಾದ ಸೈಕಲ್ಲು ಕಳವಾಗಿ ತಂದೆ ಮಗ ಊರೆಲ್ಲ ಹುಡುಕುತ್ತಾರೆ. ನಡುವೆ ತಂದೆ ಮಗನನ್ನು ಸಮಾಧಾನಪಡಿಸಲು ಒಂದು ಒಳ್ಳೆಯ ಹೊಟೇಲಿಗೆ ಕರೆದೊಯ್ಯುತ್ತಾನೆ. ಪಕ್ಕದ ಮೇಜಿನ ಶ್ರೀಮಂತರ ಹುಡುಗನನ್ನು ಈ ಹುಡುಗ ತಿನ್ನುತ್ತ ತಿನ್ನುತ್ತ ತಿರುಗಿ ನೋಡುತ್ತಾನೆ, ತಂದೆಯೋ ಕೈಬಿಟ್ಟು ಹೋದ ಸಂಬಳದ ಲೆಕ್ಕ ಹಾಕುತ್ತಾನೆ. ಮಾತು ತಿಳಿಯದಿದ್ದರೇನು? ಇಬ್ಬರು ಒಳಗೆ ಬಂದು ದರಪಟ್ಟಿಯನ್ನು ಮೇಲಿನಿಂದಲ್ಲ, ಬಲಗಡೆಯ ಅಂಕಿಗಳಿಂದ ಓದತೊಡಗಿದರೆ ಅವರ ಕಿಸೆಯ ಸ್ಥಿತಿ ನಮ್ಮ ಯಾವ ಸಪ್ಲಾಯರನಿಗೆ ತಿಳಿಯುವುದಿಲ್ಲ? ಸತ್ಯಜಿತ್ ರಾಯ್ ಅವರು 1950ರಲ್ಲಿ ಲಂಡನ್ನಿನಲ್ಲಿ ಈ ಚಿತ್ರವನ್ನು ನೋಡಿಯೇ ತಾವೂ ಚಿತ್ರ ಮಾಡಬೇಕೆಂದು ಗಟ್ಟಿಮಾಡಿಕೊಂಡರು.

ಇನ್ನು ಕೆಲವು ವ್ಯವಹಾರದ ಮಾತುಗಳು. ನಮ್ಮಲ್ಲಿ ಬಹುಪಾಲು ಮಂದಿ ಹಳೆಯ ಚಿತ್ರಗಳನ್ನು ಹಿಗ್ಗಿಸಿ ನೋಡುತ್ತಾರೆ. ಆಗಿನ ಚಿತ್ರದ ಚೌಕಟ್ಟು ಅಗಲ ನಾಲ್ಕಾದರೆ ಎತ್ತರ ಮೂರರಂತೆ ಇತ್ತು. ಈಗಿನ ಟಿ.ವಿ. ಹದಿನಾರಕ್ಕೆ ಒಂಬತ್ತು. ಪರದೆ ಪೂರ್ತಿ ತುಂಬಲೆಂದು ಎಳೆದರೆ ಕಲ್ಪನಾ ಅವರ ಮುಖ ಪೂರಿಯಂತೆ ಉಬ್ಬುತ್ತದೆ. ರಿಮೋಟಿನಲ್ಲಿ ಚಿತ್ರದ ಆಕಾರವನ್ನು 4:3ಕ್ಕೆ ಇಟ್ಟು, ಎರಡು ಬದಿಯ ಕಪ್ಪು ಪಟ್ಟಿಯನ್ನು ಸಹಿಸಿಕೊಳ್ಳಬೇಕು. ಇನ್ನೊಂದು ವಿಚಿತ್ರವುಂಟು. ಚಿತ್ರಮಂದಿರದಲ್ಲಿ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರಗಳು ಹಾಯುತ್ತಿದ್ದವು. ನಮ್ಮ ದೂರದರ್ಶನದ ಪದ್ಧತಿಯಲ್ಲಿ ಇಪ್ಪತ್ತೈದು. ಅಂದರೆ 150 ನಿಮಿಷದ ಚಿತ್ರ 144 ನಿಮಿಷಕ್ಕೇ ಮುಗಿಯುತ್ತದೆ, ಪಿ. ಬಿ. ಶ್ರೀನಿವಾಸರ ಶ್ರುತಿಯೂ ಕೊಂಚ ಏರುತ್ತದೆ. ಟೆಂಟಿನಲ್ಲಿ ಕೇಳಿದ ಧ್ವನಿ ಇದಲ್ಲವೆಂದು ವಾದಿಸುವ ಮುದುಕರ ಮಾತನ್ನು ಮರೆವೆಂದು ತಳ್ಳಿಹಾಕಬಾರದು.

ಬಣ್ಣದ ವಿಚಾರದಲ್ಲಿ ನಮ್ಮದು ಹಳೆಯ ಪಂಥ. 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿಯೂ 1971ರ 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿಯೂ ಯಂತ್ರದಿಂದ ಬಣ್ಣ ತುಂಬಿ ಮತ್ತೆ ತೆರೆಗೆ ತಂದರು. ಜನ ಮುಗಿಬಿದ್ದು ನೋಡಿದರು, ನಾವೂ ಸಂತೋಷಪಟ್ಟೆವು. ಆದರೆ ಎರಡೂ ಪ್ರತಿಗಳು ಕೈಗೆ ಸಿಕ್ಕಿದಾಗ ಕಪ್ಪು-ಬಿಳುಪನ್ನೇ ಆರಿಸಬೇಕೆಂಬುದು ನಮ್ಮ ಸಲಹೆ. ಚೆನ್ನಾಗಿ ಕುದಿದ ಸಾರಿಗೆ ಮೇಲಿನಿಂದ ಬಣ್ಣದ ಪುಡಿ ಹಾಕುವುದನ್ನು ಒಳ್ಳೆಯ ಭಟ್ಟರಾರೂ ಒಪ್ಪಲಾರರು. ವಾಹಿನಿಗಳು ಜಾಹೀರಾತಿನ ಸಲುವಾಗಿ ಹಾಡು, ಹಾಸ್ಯದ ತುಂಡುಗಳನ್ನು ಕತ್ತರಿಸುವುದೂ ಉಂಟು. ಪೂರ್ತಿ ಚಿತ್ರ ಬೇಕಾದವರು ಮೊಬೈಲನ್ನು ಟಿ.ವಿ.ಗೆ ಜೋಡಿಸಿಕೊಳ್ಳುವುದು ಲೇಸು. ನಿದ್ದೆಗೆಟ್ಟವರು ಮೂರು ತಾಸನ್ನು ಒಂದೇ ಗುಕ್ಕಿಗೆ ನುಂಗಬೇಕಾಗಿಲ್ಲ. ಮಧ್ಯಂತರದ ತನಕ ಈ ಶನಿವಾರ, ಉಳಿದದ್ದು ಬರುವ ಶನಿವಾರ.

ಯಾವ ಚಿತ್ರದಿಂದ ಮೊದಲು ಮಾಡಬೇಕೆಂದು ಕೇಳುವವರಿಗೆ, ಎಲ್ಲರೂ ಒಪ್ಪುವಂಥದು 1974ರ 'ಭೂತಯ್ಯನ ಮಗ ಅಯ್ಯು'. ಗೊರೂರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ಲೋಕನಾಥರ ಉಪ್ಪಿನಕಾಯಿಯ ಪ್ರಸಂಗ ಬರುವ ಹೊತ್ತಿಗೆ ಹಜಾರದಲ್ಲಿರುವವರೆಲ್ಲರಿಗೂ ಹಸಿವಾಗುವುದು ಖಂಡಿತವಾದುದರಿಂದ ಅಂದು ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುವಂತೆ ಭಟ್ಟರಿಗೆ ಮೊದಲೇ ತಿಳಿಸಿರತಕ್ಕದ್ದು.